47 ತಂತಿ, 7 ಪೆಡಲು, 8 ಬೆರಳು

ಹಾರ್ಪ್ ವಾದ್ಯಕ್ಕೆ ಹೊಸ ಸಂಗೀತ ಬರೆಯುವವರು ಸ್ವರದ ಜೊತೆಗೆ ಕಾಲಿನ ಲೆಕ್ಕವನ್ನೂ ಇಡಬೇಕು. ಆ ಲೆಕ್ಕ ಕಲಿತವರ, ಕಲಿಸಿದವರ, ಒಂದು ಕೃತಿಗಾಗಿ ವರ್ಷಗಟ್ಟಲೆ ಕಾದವರ ಕಥೆ ಇಲ್ಲಿದೆ.

ಮಕ್ಕಳೇ, ಮೊದಲು ಒಂದು ಒಗಟು. ಹೆಗಲಿಗೆ ಒರಗುತ್ತದೆ, ಮಗುವಲ್ಲ. ಕಾಲಿನಿಂದ ತುಳಿಯುತ್ತಾರೆ, ಹೊಲಿಗೆ ಯಂತ್ರವಲ್ಲ. ಮೈತುಂಬ ಎಳೆಗಳಿವೆ, ಮಗ್ಗವಲ್ಲ. ಏನದು?

ಉತ್ತರ: ಹಾರ್ಪ್. ಆಳೆತ್ತರದ, ಚಿನ್ನದ ಬಣ್ಣದ ಕಂಬವಿರುವ, ದೊಡ್ಡ ಬಿಲ್ಲಿನಂತೆ ಬಾಗಿದ ಆ ತಂತಿವಾದ್ಯವನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ನೋಡದಿದ್ದರೂ ಅದರ ದನಿಯನ್ನು ಕೇಳಿರುತ್ತೀರಿ. ಹಳೆಯ ಸಿನಿಮಾಗಳಲ್ಲಿ ಯಾರಾದರೂ ಕನಸು ಕಾಣಲು ಶುರುಮಾಡಿದರೆ ಸಾಕು, ಮೇಲಿಂದ ಕೆಳಗೆ ‘ಝುಳುಝುಳು’ ಎಂದು ನೀರು ಇಳಿದಂತೆ ಒಂದು ಸದ್ದು ಬರುತ್ತದಲ್ಲ, ಎಷ್ಟೋ ಸಲ ಅದು ಹಾರ್ಪಿನದೇ. ಸ್ವರ್ಗ, ಮೋಡ, ಬೆಳದಿಂಗಳು ಬಂದಾಗಲೆಲ್ಲ ಹಾರ್ಪನ್ನು ಕರೆಯುವುದು ರೂಢಿಯಾಗಿಬಿಟ್ಟಿದೆ.

ಆದರೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಈ ವಾದ್ಯಕ್ಕೆ ಬರೆದ ಹೊಸ ಸಂಗೀತ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅದರಲ್ಲಿ ಗುಡುಗಿದೆ, ಕುದುರೆ ಕಾಯುವವರ ಕುಣಿತವಿದೆ, ಕಾಗದ ಪರಪರ ಎನ್ನುವ ಸದ್ದೂ ಇದೆ. ಇದೆಲ್ಲ ಹೇಗೆ ಬಂತು?

ನಮ್ಮ ನಾಣ್ಯದ ಮೇಲೂ ಇತ್ತು

ಹಾರ್ಪ್ ಪರದೇಶದ್ದು ಎಂದುಕೊಳ್ಳಬೇಡಿ. 4ನೆಯ ಶತಮಾನದ ಗುಪ್ತ ದೊರೆ ಸಮುದ್ರಗುಪ್ತನ ಒಂದು ಚಿನ್ನದ ನಾಣ್ಯದಲ್ಲಿ ರಾಜ ಮಂಚದ ಮೇಲೆ ಕೂತು ವೀಣೆ ನುಡಿಸುತ್ತಿದ್ದಾನೆ. ಚೆನ್ನಾಗಿ ನೋಡಿದರೆ ಅದು ಇಂದಿನ ಸರಸ್ವತಿ ವೀಣೆಯಲ್ಲ. ಅದಕ್ಕೆ ಮೆಟ್ಟುಗಳಿಲ್ಲ, ಬಿಲ್ಲಿನ ಆಕಾರವಿದೆ, ಒಂದೊಂದು ಸ್ವರಕ್ಕೆ ಒಂದೊಂದು ತಂತಿ. ಅಂದರೆ ಅದು ಹಾರ್ಪಿನ ಜಾತಿಯದೇ. ತಮಿಳು ನಾಡಿನ ಹಳೆಯ ಕಾವ್ಯಗಳಲ್ಲಿ ಬರುವ ‘ಯಾಳ್’ ಕೂಡ ಇದೇ ಬಗೆಯದು. ನಮ್ಮಲ್ಲಿ ಕಾಲಕ್ರಮೇಣ ಮೆಟ್ಟಿನ ವೀಣೆ ಅದರ ಜಾಗ ಹಿಡಿಯಿತು. ಪಕ್ಕದ ಬರ್ಮಾದಲ್ಲಿ ಮಾತ್ರ ‘ಸೌಂಗ್’ ಎಂಬ ಬಿಲ್ಲುವೀಣೆ ಇಂದಿಗೂ ಉಳಿದಿದೆ.

ಯೂರೋಪಿನಲ್ಲಿ ಹಾರ್ಪ್ ಬೇರೆ ದಾರಿ ಹಿಡಿದು ದೊಡ್ಡದಾಗುತ್ತ ಹೋಯಿತು. ಇಂದಿನ ಕಛೇರಿ ಹಾರ್ಪ್ ಸುಮಾರು 6 ಅಡಿ ಎತ್ತರ. ಅದರ 47 ತಂತಿಗಳೆಲ್ಲ ಸೇರಿ ಚೌಕಟ್ಟನ್ನು ಸುಮಾರು 900 ಕಿಲೊ ಭಾರದಷ್ಟು ಬಿಗಿಯಾಗಿ ಎಳೆಯುತ್ತಿರುತ್ತವೆ! ಇಷ್ಟು ತಂತಿಗಳ ನಡುವೆ ದಾರಿ ತಪ್ಪದಿರಲೆಂದು ಕೆಲವಕ್ಕೆ ಬಣ್ಣ ಹಾಕಿರುತ್ತಾರೆ. ‘ಸಿ’ ಎಂಬ ಸ್ವರದ ತಂತಿಗಳೆಲ್ಲ ಕೆಂಪು, ‘ಎಫ್’ ತಂತಿಗಳೆಲ್ಲ ಕಪ್ಪು ಅಥವಾ ನೀಲಿ.

ಕಾಲಿನ ಕೆಲಸ

ಹಾರ್ಪಿನ ಒಂದು ಸ್ಥಾಯಿಯಲ್ಲಿ ತಂತಿಗಳು ಏಳೇ. ಆದರೆ ಸ್ವರಸ್ಥಾನಗಳು ಹನ್ನೆರಡು. ಉಳಿದ ಐದು ಎಲ್ಲಿಂದ ಬರಬೇಕು?

ಇದಕ್ಕೆ ಉತ್ತರ ಕಾಲಿನ ಬಳಿ ಇದೆ. ಹಾರ್ಪಿನ ಬುಡದಲ್ಲಿ 7 ಪೆಡಲುಗಳಿವೆ, ಪ್ರತಿ ಸ್ವರಕ್ಕೆ ಒಂದು. ಒಂದು ಪೆಡಲನ್ನು ತುಳಿದರೆ ಕಂಬದೊಳಗಿನ ಸರಳುಗಳು ಚಲಿಸಿ, ಮೇಲ್ಗಡೆ ಇರುವ ಪುಟ್ಟ ಬಿಲ್ಲೆಗಳು ತಿರುಗುತ್ತವೆ. ಆ ಬಿಲ್ಲೆಗಳ ಮೊಳೆಗಳು ತಂತಿಯನ್ನು ಕಚ್ಚಿ ಹಿಡಿದು ಅದರ ಉದ್ದವನ್ನು ತುಸು ಕಡಿಮೆ ಮಾಡುತ್ತವೆ. ತಂತಿ ಗಿಡ್ಡವಾದರೆ ಸ್ವರ ಅರ್ಧ ಮೆಟ್ಟಿಲು ಮೇಲೇರುತ್ತದೆ. ಇನ್ನೊಂದು ಸಲ ತುಳಿದರೆ ಇನ್ನೂ ಅರ್ಧ ಮೆಟ್ಟಿಲು. ಹೀಗೆ ಪ್ರತಿ ಪೆಡಲಿಗೂ ಮೇಲೆ, ನಡುವೆ, ಕೆಳಗೆ ಎಂದು ಮೂರು ಜಾಗ. ಒಂದೇ ತುಳಿತಕ್ಕೆ ಆ ಹೆಸರಿನ ತಂತಿಗಳು ಹೆಚ್ಚುಕಡಿಮೆ ಎಲ್ಲ ಸ್ಥಾಯಿಗಳಲ್ಲೂ ಬದಲಾಗುತ್ತವೆ. ಈ ಏರ್ಪಾಟಿಗೆ ಸೆಬಾಸ್ಟಿಯನ್ ಎರಾರ್ 1810ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಮೂಲ ಉಪಾಯ ಅದೇ.

ಗಣಿತ ಇಷ್ಟಪಡುವವರಿಗೆ ಒಂದು ಲೆಕ್ಕ: 7 ಪೆಡಲು, ಒಂದೊಂದಕ್ಕೆ 3 ಜಾಗ. ಒಟ್ಟು ಎಷ್ಟು ಬಗೆಯಲ್ಲಿ ಜೋಡಿಸಬಹುದು? ಮೂರನ್ನು ಏಳು ಸಲ ಗುಣಿಸಿ. 2,187 ಬಂತೇ? ಸರಿಯಾಗಿದೆ.

ಹಾರ್ಪಿನ ಮೇಲೆ 72 ಮೇಳಕರ್ತ

ಸಂಗೀತದ ಪಾಠ ಆಗಿರುವ ಅಜ್ಜ ಅಜ್ಜಿಯರು ಇಲ್ಲಿ ಕಿವಿ ನಿಮಿರಿಸಬೇಕು. ಕರ್ನಾಟಕ ಸಂಗೀತದಲ್ಲಿ ಸ, ಪ ಎರಡೂ ಅಚಲ. ರಿ, ಗ, ದ, ನಿ ಸ್ವರಗಳಿಗೆ ಮೂರು ಮೂರು ರೂಪ. ಮ ಸ್ವರಕ್ಕೆ ಎರಡು. ಹಾರ್ಪಿನ ‘ಡಿ’ ತಂತಿಯನ್ನು ಷಡ್ಜವೆಂದು ಇಟ್ಟುಕೊಳ್ಳಿ. ಆಗ ರಿಷಭದ ಪೆಡಲು ಮೇಲಿದ್ದರೆ ಶುದ್ಧ ರಿ, ನಡುವಿದ್ದರೆ ಚತುಃಶ್ರುತಿ ರಿ, ಕೆಳಗಿದ್ದರೆ ಷಟ್‌ಶ್ರುತಿ ರಿ. ಗಾಂಧಾರ, ಧೈವತ, ನಿಷಾದಗಳೂ ಹೀಗೆಯೇ ಮೂರು ಜಾಗದಲ್ಲಿ ಮೂರು ರೂಪ ತೋರಿಸುತ್ತವೆ. ಮಧ್ಯಮದ ಪೆಡಲು ನಡುವಿದ್ದರೆ ಶುದ್ಧ, ಕೆಳಗಿದ್ದರೆ ಪ್ರತಿ. ಸ, ಪ ಪೆಡಲುಗಳನ್ನು ನಡುವೆ ಇಟ್ಟು ಮರೆತುಬಿಡಬಹುದು. ಅಂದರೆ 72 ಮೇಳಕರ್ತಗಳ ಸ್ವರಗಳನ್ನೂ ಹಾರ್ಪಿನ ಮೇಲೆ ಒಂದೂ ಬಿಡದೆ ಜೋಡಿಸಬಹುದು!

ಸರಳೆ ವರಸೆಯ ಮಾಯಾಮಾಳವಗೌಳವನ್ನೇ ನೋಡಿ. ರಿ, ದ ಪೆಡಲು ಮೇಲೆ. ಗ, ನಿ ಕೆಳಗೆ. ಸ, ಮ, ಪ ನಡುವೆ. ಈಗ ರಿ, ದ ಪೆಡಲುಗಳನ್ನು ನಡುವಿಗೆ ತಂದರೆ ಶಂಕರಾಭರಣ. ಮಧ್ಯಮವೊಂದನ್ನು ಕೆಳಕ್ಕೆ ತುಳಿದರೆ ಕಲ್ಯಾಣಿ.

ಆದರೆ ರಾಗ ಎಂದರೆ ಬರಿಯ ಸ್ವರಪಟ್ಟಿ ಅಲ್ಲವಲ್ಲ. ವೀಣೆಯಲ್ಲಿ ತಂತಿಯನ್ನು ಮೆಟ್ಟಿನ ಮೇಲೆ ಎಳೆದು ಗಮಕ ತೆಗೆದಂತೆ ಹಾರ್ಪಿನಲ್ಲಿ ತೆಗೆಯಲು ಬರುವುದಿಲ್ಲ. ಮನೆಯ ಚೌಕಟ್ಟು ಸಿಗುತ್ತದೆ, ಒಳಗಿನ ದೀಪ ಹಚ್ಚುವುದು ಕಷ್ಟ. ವಾದ್ಯ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ತಿಳಿದೇ ಅದಕ್ಕೆ ಬರೆಯಬೇಕು.

ಬರೆಯುವವರ ತಲೆನೋವು

ಹಾರ್ಪಿಗೆ ಬರೆಯಲು ಹೊರಟವರಲ್ಲಿ ಪಿಯಾನೊ ಬಲ್ಲವರೇ ಹೆಚ್ಚು. ಅವರು ಮೊದಲು ಎಡವುವುದು ಬೆರಳಿನ ಲೆಕ್ಕದಲ್ಲಿ. ಹಾರ್ಪ್ ನುಡಿಸುವವರು ಕಿರುಬೆರಳನ್ನು ಬಳಸುವುದಿಲ್ಲ. ಹಾಗಾಗಿ ಎರಡೂ ಕೈ ಸೇರಿ ಎಂಟೇ ಬೆರಳು. ಹತ್ತು ಸ್ವರಗಳನ್ನು ಒಟ್ಟಿಗೆ ಮೀಟಬೇಕೆಂದು ಬರೆದರೆ ಎರಡು ಸ್ವರಕ್ಕೆ ಬೆರಳೇ ಇಲ್ಲ.

ಎರಡನೆಯದು ಕಾಲಿನ ಲೆಕ್ಕ. ಎಡಗಾಲಿಗೆ ಮೂರು ಪೆಡಲು, ಬಲಗಾಲಿಗೆ ನಾಲ್ಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ, ನಿ, ದ ಎಡಕ್ಕೆ. ರಿ, ಗ, ಮ, ಪ ಬಲಕ್ಕೆ. ಮಾಯಾಮಾಳವಗೌಳದಿಂದ ಶಂಕರಾಭರಣಕ್ಕೆ ಹೋಗಲು ಬಲಗಾಲಿಗೆ ಒಂದು, ಎಡಗಾಲಿಗೆ ಒಂದು ಕೆಲಸ; ಒಂದೇ ಕ್ಷಣದಲ್ಲಿ ಮುಗಿಯುತ್ತದೆ. ಅದೇ ಮಾಯಾಮಾಳವಗೌಳದಿಂದ ಖರಹರಪ್ರಿಯಕ್ಕೆ ಹೋಗಬೇಕೆಂದರೆ ರಿ, ಗ, ದ, ನಿ ನಾಲ್ಕೂ ಬದಲಾಗಬೇಕು, ಒಂದೊಂದು ಕಾಲಿಗೆ ಎರಡೆರಡು. ಬರೆಯುವವರು ಅಷ್ಟು ಹೊತ್ತು ಬಿಡುವು ಕೊಡದಿದ್ದರೆ ವಾದಕಿಯ ಕಾಲು ತಾಳ ತಪ್ಪುತ್ತದೆ.

ಮೂರನೆಯದು ಮೌನದ ಲೆಕ್ಕ. ಹಾರ್ಪಿನ ತಂತಿ ಒಮ್ಮೆ ಮೀಟಿದರೆ ತಾನಾಗಿ ನಿಲ್ಲುವವರೆಗೂ ಗುಂಯ್‌ಗುಡುತ್ತಲೇ ಇರುತ್ತದೆ. ಕೆಳಸ್ಥಾಯಿಯ ದಪ್ಪ ತಂತಿಗಳಂತೂ ಬೇಗ ಸುಮ್ಮನಾಗುವುದಿಲ್ಲ. ಎಲ್ಲಿ ಅಂಗೈಯಿಟ್ಟು ಸದ್ದು ನಿಲ್ಲಿಸಬೇಕು ಎಂಬುದನ್ನೂ ಸ್ವರಲಿಪಿಯಲ್ಲಿ ಗುರುತು ಹಾಕಿ ತೋರಿಸಬೇಕು.

ಇಷ್ಟೆಲ್ಲ ಪುಸ್ತಕ ಓದಿಯಷ್ಟೇ ಕಲಿಯುವುದು ಕಷ್ಟ. ಹಾರ್ಪ್ ನುಡಿಸುವವರ ಪಕ್ಕದಲ್ಲಿ ಕೂತು, ‘ಇದು ಬರುತ್ತದೆಯೇ? ಇದು?’ ಎಂದು ಕೇಳಿ ಕಲಿಯಬೇಕು. ಅದಕ್ಕೇ ಹಾರ್ಪಿನ ಹೊಸ ಕೃತಿಗಳ ಕಥೆಗಳಲ್ಲಿ ಸಾಮಾನ್ಯವಾಗಿ ಇಬ್ಬರು ಸಿಗುತ್ತಾರೆ: ಬರೆದವರು ಮತ್ತು ‘ನನಗೊಂದು ಬರೆದುಕೊಡಿ’ ಎಂದು ಕೇಳಿದವರು.

ಎರಡು ಕಂಪನಿಗಳ ಪೈಪೋಟಿ

ಒಮ್ಮೆ ಹಾಗೆ ಕೇಳಿದ್ದು ವಾದಕರಲ್ಲ, ವಾದ್ಯ ಮಾಡುವ ಕಂಪನಿಗಳು. ಪ್ಯಾರಿಸ್ಸಿನ ಪ್ಲೆಯೆಲ್ ಕಂಪನಿ ಪೆಡಲೇ ಇಲ್ಲದ ಹೊಸ ಹಾರ್ಪ್ ತಯಾರಿಸಿತು. ಹನ್ನೆರಡು ಸ್ವರಗಳಿಗೂ ಬೇರೆ ಬೇರೆ ತಂತಿ. ಎರಡು ಸಾಲು ತಂತಿಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತಿದ್ದವು. ಹೊಸ ವಾದ್ಯಕ್ಕೆ ಹೊಸ ಸಂಗೀತ ಬೇಕಲ್ಲ? ಕಂಪನಿ ಫ್ರಾನ್ಸಿನ ಹೆಸರಾಂತ ರಚನೆಕಾರ ಕ್ಲೋಡ್ ಡೆಬ್ಯುಸಿಯವರನ್ನು ಕೇಳಿತು. ಅವರು 1904ರಲ್ಲಿ ಹಾರ್ಪ್ ಮತ್ತು ತಂತಿವಾದ್ಯಗಳಿಗಾಗಿ ಎರಡು ನೃತ್ಯಗಳನ್ನು ಬರೆದುಕೊಟ್ಟರು.

ಎದುರಾಳಿ ಎರಾರ್ ಕಂಪನಿ ಸುಮ್ಮನಿದ್ದೀತೆ? ಪೆಡಲ್ ಹಾರ್ಪಿನ ಶಕ್ತಿ ತೋರಿಸುವಂಥದ್ದು ಬೇಕೆಂದು ಮೊರೀಸ್ ರವೆಲ್ ಅವರನ್ನು ಕೇಳಿತು. 1905ರ ಬೇಸಿಗೆ. ರವೆಲ್ ಗೆಳೆಯರೊಂದಿಗೆ ದೋಣಿ ಪ್ರವಾಸಕ್ಕೆ ಹೊರಟು ನಿಂತಿದ್ದರು. ಹೊರಡುವ ಮೊದಲು ಮುಗಿಸಲೇಬೇಕೆಂದು ಸುಮಾರು ಒಂದು ವಾರ ಹಟ ಹಿಡಿದು ಕೂತು, ಮೂರು ರಾತ್ರಿ ನಿದ್ದೆಗೆಟ್ಟು ಬರೆದರು. ಹಾರ್ಪ್, ಕೊಳಲು, ಕ್ಲಾರಿನೆಟ್ ಮತ್ತು ನಾಲ್ಕು ತಂತಿವಾದ್ಯಗಳ ಆ ಕೃತಿಯನ್ನು 1907ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ನುಡಿಸಿದಾಗ ಹಾರ್ಪಿನ ಮುಂದೆ ಕೂತವರು ಮಿಶೆಲಿನ್ ಕಾನ್ ಎಂಬ ವಾದಕಿ.

ಪೈಪೋಟಿಯಲ್ಲಿ ಗೆದ್ದವರು ಯಾರು? ವಾದ್ಯದ ಮಟ್ಟಿಗೆ ಎರಾರ್. ಕತ್ತರಿ ತಂತಿಯ ಹಾರ್ಪ್ ಕ್ರಮೇಣ ಮೂಲೆ ಸೇರಿತು. ಆದರೆ ಅದಕ್ಕೆಂದು ಬರೆದ ಡೆಬ್ಯುಸಿ ಕೃತಿ ಮೂಲೆ ಸೇರಲಿಲ್ಲ. ಈಗ ಅದನ್ನು ಪೆಡಲ್ ಹಾರ್ಪಿನ ಮೇಲೆಯೇ ನುಡಿಸುತ್ತಾರೆ. ಕಂಪನಿಗಳ ಜಗಳ ಮುಗಿದು ನೂರು ವರ್ಷ ಕಳೆದರೂ ಎರಡು ಕೃತಿಗಳೂ ಉಳಿದಿವೆ.

ಹಾರ್ಪ್ ಗುಡುಗಿತು

ಮುಂದಿನ ಹೆಜ್ಜೆ ಇಟ್ಟವರು ಕಾರ್ಲೋಸ್ ಸಾಲ್ಸೆಡೊ. ಫ್ರಾನ್ಸಿನಲ್ಲಿ ಹುಟ್ಟಿ 1909ರಲ್ಲಿ ನ್ಯೂಯಾರ್ಕಿನ ಒಪೆರಾ ಮಂದಿರಕ್ಕೆ ಹಾರ್ಪ್ ನುಡಿಸಲು ಬಂದವರು. ಅವರು ವಾದಕರೂ ಹೌದು, ರಚನೆಕಾರರೂ ಹೌದು. ಹಾಗಾಗಿ ಕೇಳುವವರೂ ಬರೆಯುವವರೂ ಅವರಲ್ಲಿ ಒಬ್ಬರೇ ಆಗಿದ್ದರು.

ಈ ವಾದ್ಯದೊಳಗೆ ಇನ್ನೂ ಏನೇನು ಸದ್ದು ಅಡಗಿದೆ ಎಂದು ಅವರು ಹುಡುಕಿದರು. ದಪ್ಪ ತಂತಿಗಳನ್ನು ಒಂದಕ್ಕೊಂದು ಬಡಿಯುವಂತೆ ಜೋರಾಗಿ ಸವರಿದರೆ ಗುಡುಗು. ತಂತಿಯ ನಡುವೆ ಮೀಟುವ ಬದಲು ಬುಡದಲ್ಲಿ, ಮರದ ಹಲಗೆಯ ಹತ್ತಿರ ಮೀಟಿದರೆ ಗಿಟಾರಿನಂಥ ಒಣ ದನಿ. ಉಗುರಿನಿಂದ ಮೀಟಿದರೆ ಇನ್ನೊಂದು, ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಪುಟ್ಟ ತಬಲಾ. ಇಂಥ ಸದ್ದುಗಳಿಗೆಲ್ಲ ಹೆಸರಿಟ್ಟು, ಒಂದೊಂದಕ್ಕೆ ಒಂದೊಂದು ಗುರುತು ಮಾಡಿ, 1921ರಲ್ಲಿ ಪುಸ್ತಕವನ್ನೇ ಹೊರತಂದರು. ಇದು ಸಣ್ಣ ಕೆಲಸವಲ್ಲ. ಸದ್ದು ಎಷ್ಟೇ ಚೆನ್ನಾಗಿದ್ದರೂ ಅದನ್ನು ಕಾಗದದ ಮೇಲೆ ಬರೆಯುವ ದಾರಿ ಇಲ್ಲದಿದ್ದರೆ ಬೇರೆ ಊರಿನವರು, ಮುಂದೆ ಹುಟ್ಟುವವರು ಅದನ್ನು ನುಡಿಸುವುದು ಹೇಗೆ? ಅವರ ಎಷ್ಟೋ ಗುರುತುಗಳನ್ನು ಇಂದಿನ ರಚನೆಕಾರರೂ ಬಳಸುತ್ತಾರೆ. ತಂತಿಗಳ ನಡುವೆ ಕಾಗದದ ಪಟ್ಟಿ ಹೆಣೆದು ಪರಪರ ಸದ್ದು ಹೊರಡಿಸುವುದೂ ಈಗ ರೂಢಿಯಲ್ಲಿದೆ.

1963ರಲ್ಲಿ ಇಟಲಿಯ ಲೂಚಾನೊ ಬೇರಿಯೊ, ಫ್ರಾನ್ಸಿನ ವಾದಕ ಫ್ರಾನ್ಸಿಸ್ ಪಿಯೆರ್ ಅವರಿಗಾಗಿ ಒಂಟಿ ಹಾರ್ಪಿನ ‘ಸೆಕ್ವೆಂಜಾ 2’ ಬರೆದರು. ಬೆಳದಿಂಗಳಿನ ಹಾರ್ಪನ್ನು ಹುಡುಕಿಕೊಂಡು ಹೋದವರಿಗೆ ಅದರಲ್ಲಿ ಬಡಿತ, ಗುಡುಗು, ಬಿರುಸು ಎದುರಾಗುತ್ತವೆ. ಮೊದಲ ಸಲ ಕೇಳಿದಾಗ ‘ಇದೇನು ಗದ್ದಲ’ ಎನಿಸೀತು. ಎರಡನೆಯ ಸಲ ಕಣ್ಣುಮುಚ್ಚಿ ಕೇಳಿ ನೋಡಿ.

ಹಡಗಿನ ಮೇಲೆ ಬರೆದ ಹಾಡುಗಳು

ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ ಅವರದು ಬೇರೆ ಬಗೆ. 1942. ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದಿಂದ ತಾಯ್ನಾಡಿಗೆ ಸರಕಿನ ಹಡಗಿನಲ್ಲಿ ಮರಳುತ್ತಿದ್ದರು. ಅಟ್ಲಾಂಟಿಕ್ ಸಾಗರದಲ್ಲಿ ಶತ್ರುಗಳ ಜಲಾಂತರ್ಗಾಮಿಗಳ ಭಯ. ಅವರ ಪೆಟ್ಟಿಗೆಯಲ್ಲಿ ಹಾರ್ಪ್ ಕಲಿಸುವ ಪುಸ್ತಕಗಳಿದ್ದವು. ಹಾರ್ಪಿಗೆ ಏನಾದರೂ ಬರೆಯಬೇಕೆಂದು ಓದುತ್ತಿದ್ದರು. ದಾರಿಯಲ್ಲಿ ಹಳೆಯ ಇಂಗ್ಲಿಷ್ ಕವಿತೆಗಳ ಪುಸ್ತಕವೊಂದು ಸಿಕ್ಕಿತು. ಎರಡೂ ಸೇರಿ ಎಳೆಯ ಮಕ್ಕಳ ದನಿಗೂ ಒಂದು ಹಾರ್ಪಿಗೂ ಹೊಂದುವ ಕ್ರಿಸ್‌ಮಸ್ ಹಾಡುಗಳ ಸರಮಾಲೆಯಾಯಿತು. ‘ಎ ಸೆರೆಮನಿ ಆಫ್ ಕ್ಯಾರಲ್ಸ್’ ಎಂಬ ಆ ಕೃತಿಯನ್ನು ಇಂದಿಗೂ ಡಿಸೆಂಬರ್ ಬಂತೆಂದರೆ ಹಲವು ದೇಶಗಳ ಮಕ್ಕಳು ಹಾಡುತ್ತಾರೆ.

ಮುಂದೆ ಬ್ರಿಟನ್ ಅವರಿಗೆ ಪುಸ್ತಕಕ್ಕಿಂತ ಒಳ್ಳೆಯ ಗುರು ಸಿಕ್ಕರು, ವೇಲ್ಸ್ ನಾಡಿನ ವಾದಕ ಓಷಿಯನ್ ಎಲಿಸ್. 1969ರಲ್ಲಿ ಅವರಿಗೆಂದೇ ಒಂಟಿ ಹಾರ್ಪಿನ ಕೃತಿ ಬರೆದಾಗ, ಅದರ ಕೊನೆಯ ಭಾಗದಲ್ಲಿ ಎಲಿಸ್ ಅವರ ನಾಡಿನ ಒಂದು ಭಜನೆಯ ಮಟ್ಟನ್ನು ಹೆಣೆದುಬಿಟ್ಟರು. ಗೆಳೆಯನ ಊರಿನ ಹಾಡನ್ನು ಗೆಳೆಯನ ಕೈಗೇ ಕೊಟ್ಟಂತೆ.

ಕೇಳಿದವರು ಒಬ್ಬರು, ನುಡಿಸಿದವರು ಇನ್ನೊಬ್ಬರು

ಕೊನೆಯ ಕಥೆ ಎಡ್ನಾ ಫಿಲಿಪ್ಸ್ ಅವರದು. ಸಾಲ್ಸೆಡೊ ಅವರ ಶಿಷ್ಯೆ. 1930ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಆರ್ಕೆಸ್ಟ್ರಾಗೆ ಎರಡನೆಯ ಹಾರ್ಪ್ ವಾದಕಿಯ ಜಾಗ ಸಿಕ್ಕೀತೆಂದು ಪರೀಕ್ಷೆಗೆ ಹೋದರು. ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್ಸ್ಕಿ ಅವರನ್ನು ಮೊದಲನೆಯ ವಾದಕಿಯಾಗಿಯೇ ನೇಮಿಸಿದರು. ಆಗ ಆಕೆಗೆ ಇಪ್ಪತ್ತಮೂರರ ಆಸುಪಾಸು. ಆ ದೊಡ್ಡ ತಂಡದಲ್ಲಿ ಅದುವರೆಗೆ ಹೆಂಗಸರೇ ಇರಲಿಲ್ಲ. ಆಕೆ ಮೊದಲಿಗರು.

ಎಡ್ನಾ ಅವರಿಗೆ ಒಂದು ಕೊರಗಿತ್ತು. ಪಿಯಾನೊ, ಪಿಟೀಲು ನುಡಿಸುವವರಿಗೆ ಆರ್ಕೆಸ್ಟ್ರಾದ ಮುಂದೆ ಕೂತು ನುಡಿಸುವಂಥ ಕಾನ್ಚೆರ್ಟೊಗಳು ರಾಶಿ ರಾಶಿ. ಹಾರ್ಪಿಗೆ ಬೆರಳೆಣಿಕೆಯಷ್ಟು. ಹಳೆಯದು ಇಲ್ಲದಿದ್ದರೆ ಹೊಸದನ್ನು ಮಾಡಿಸಬೇಕು. ಆಕೆ, ಪತಿ ಸ್ಯಾಮುಯೆಲ್ ರೋಸೆನ್‌ಬಾಮ್ ಇಬ್ಬರೂ ಸೇರಿ ಸ್ವಂತ ಹಣ ಕೊಟ್ಟು ರಚನೆಕಾರರಿಂದ ಹಾರ್ಪಿಗೆ ಕೃತಿಗಳನ್ನು ಬರೆಸತೊಡಗಿದರು. 1956ರಲ್ಲಿ ಅರ್ಜೆಂಟೀನಾದ ಅಲ್ಬೆರ್ಟೊ ಹಿನಾಸ್ಟೆರಾ ಅವರಿಗೆ ಹಾರ್ಪ್ ಕಾನ್ಚೆರ್ಟೊ ಬರೆದುಕೊಡಿ ಎಂದು ಕೇಳಿದರು.

ಹಿನಾಸ್ಟೆರಾ ಒಪ್ಪಿದರು. ಆದರೆ ಬರೆಯುವುದು ಮುಗಿಯಲೇ ಇಲ್ಲ. ಅವರ ಸಂಗೀತ ಹನ್ನೆರಡು ಸ್ವರಗಳಲ್ಲೂ ಸಲೀಸಾಗಿ ಓಡಾಡುವಂಥದ್ದು, ಹಾರ್ಪಿನಲ್ಲಿರುವುದು ಏಳೇ ತಂತಿ. ಎದುರಿಗೆ ಡೋಲು ಜಾಗಟೆಗಳ ದೊಡ್ಡ ಆರ್ಕೆಸ್ಟ್ರಾ, ನಡುವೆ ಮೃದು ದನಿಯ ಹಾರ್ಪ್ ಮುಳುಗಬಾರದು. ಒಂದು ವರ್ಷವಾಯಿತು, ಎರಡಾಯಿತು, ಐದಾಯಿತು. ಈ ನಡುವೆ ಅವರ ಪಿಯಾನೊ ಕಾನ್ಚೆರ್ಟೊ ಬಂತು, ಒಂದು ಒಪೆರಾ ಬಂತು. ಹಾರ್ಪಿನದು ಬರಲಿಲ್ಲ. ಕಾಯುತ್ತ ಕಾಯುತ್ತ ಎಡ್ನಾ ಕಛೇರಿಗಳಿಂದಲೇ ನಿವೃತ್ತರಾದರು.

ಕೊನೆಗೆ 1965ರ ಫೆಬ್ರವರಿಯಲ್ಲಿ ಕೃತಿ ವೇದಿಕೆ ಏರಿತು. ಊರು ಫಿಲಡೆಲ್ಫಿಯಾ, ತಂಡ ಎಡ್ನಾ ಅವರ ಹಳೆಯ ತಂಡವೇ. ಆದರೆ ಹಾರ್ಪಿನ ಮುಂದೆ ಕೂತವರು ಸ್ಪೇನಿನ ನಿಕಾನೋರ್ ಸಬಾಲೆಟಾ. ಕೊನೆಯ ಭಾಗ ಹಾರ್ಪ್ ಒಂದೇ ಮಾತಾಡಿದಂತೆ ಆರಂಭವಾಗಿ, ಆಮೇಲೆ ಅರ್ಜೆಂಟೀನಾದ ಹುಲ್ಲುಗಾವಲುಗಳ ‘ಮಲಾಂಬೊ’ ಕುಣಿತದ ಲಯಕ್ಕೆ ಧುಮುಕುತ್ತದೆ. ಮಲಾಂಬೊ ಎಂದರೆ ಕುದುರೆ ಸವಾರರು ಕಾಲಿನಿಂದ ನೆಲ ಒದ್ದು ಒಬ್ಬರನ್ನೊಬ್ಬರು ಮೀರಿಸುವ ಗಂಡುಕುಣಿತ. ಅದನ್ನು ನುಡಿಸುವಾಗ ಹಾರ್ಪಿನವರ ಕಾಲಿಗೂ ಪೆಡಲುಗಳ ಮೇಲೆ ಬಿಡುವಿರುವುದಿಲ್ಲ!

ಇಂದು ಹಾರ್ಪ್ ಕಲಿತು ದೊಡ್ಡ ವೇದಿಕೆಗೆ ಬರುವ ಹುಡುಗ ಹುಡುಗಿಯರು ಜಗತ್ತಿನಾದ್ಯಂತ ಈ ಕಾನ್ಚೆರ್ಟೊ ಅಭ್ಯಾಸ ಮಾಡುತ್ತಾರೆ. ಅದನ್ನು ಕೇಳಿ ಬರೆಸಿದವರಿಗೆ ಅದರ ಮೊದಲ ಕಛೇರಿ ದಕ್ಕಲಿಲ್ಲ. ಹಿತ್ತಿಲಲ್ಲಿ ಮಾವಿನ ಗೊರಟೆ ಊರಿದ ಅಜ್ಜಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇಳುವವರೂ ಬರೆಯುವವರೂ ಈಗಲೂ ಇದ್ದಾರೆ. ಫಿನ್‌ಲೆಂಡಿನ ರಚನೆಕಾರ್ತಿ ಕಾಯಾ ಸಾರಿಯಾಹೊ, ಫ್ರಾನ್ಸಿನ ವಾದಕ ಕ್ಸಾವಿಯೆ ದ ಮೇಸ್ತ್ರ್ ಅವರಿಗಾಗಿ ಬರೆದ ಹಾರ್ಪ್ ಕಾನ್ಚೆರ್ಟೊ 2016ರಲ್ಲಿ ಜಪಾನಿನ ಟೋಕಿಯೊದಲ್ಲಿ ಮೊದಲು ಕೇಳಿಬಂತು.

ನೀವೂ ಬರೆಯಿರಿ

ರಜೆಯ ಮಧ್ಯಾಹ್ನಕ್ಕೆ ಒಂದು ಆಟ. ಚಪ್ಪಲಿಯ ಖಾಲಿ ರಟ್ಟಿನ ಪೆಟ್ಟಿಗೆಗೆ ಏಳು ರಬ್ಬರ್ ಬ್ಯಾಂಡ್ ಹಾಕಿ, ತೆಳ್ಳಗಿನದರಿಂದ ದಪ್ಪದವರೆಗೆ ಸಾಲಾಗಿ. ಒಂದಕ್ಕೆ ಕೆಂಪು, ಒಂದಕ್ಕೆ ಕಪ್ಪು ಶಾಯಿಯ ಗುರುತಿರಲಿ. ಬೆರಳಿನಿಂದ ಮೀಟಿ, ಉಗುರಿನಿಂದ ಮೀಟಿ, ಅಂಚಿನ ಹತ್ತಿರ ಮೀಟಿ, ಪೆಟ್ಟಿಗೆಯನ್ನು ತಟ್ಟಿ, ಕಾಗದದ ಪಟ್ಟಿ ಸಿಕ್ಕಿಸಿ. ಒಂದೊಂದು ಸದ್ದಿಗೂ ನಿಮ್ಮದೇ ಒಂದು ಗುರುತು ಮಾಡಿ. ಈಗ ಒಂದು ಹಾಳೆಯಲ್ಲಿ ಅರ್ಧ ನಿಮಿಷದ ಸಂಗೀತ ಬರೆಯಿರಿ. ನಿಯಮ ಒಂದೇ: ಕಿರುಬೆರಳು ಬಳಸುವಂತಿಲ್ಲ.

ಬರೆದದ್ದನ್ನು ನೀವೇ ನುಡಿಸಬೇಡಿ. ಹಾಳೆಯನ್ನು ಅಜ್ಜಿಯ ಕೈಗೋ ಅಜ್ಜನ ಕೈಗೋ ಕೊಟ್ಟು ಎದುರು ಕೂತು ಕೇಳಿ. ‘ಇದು ಕೈಗೆ ಬರುವುದಿಲ್ಲವಲ್ಲೇ ಪುಟ್ಟಿ’ ಎಂದು ಅಜ್ಜಿ ಎಲ್ಲಾದರೂ ನಿಲ್ಲಿಸಿದರೆ ಬೇಸರ ಬೇಡ. ಪೆನ್ಸಿಲ್ ತೆಗೆದುಕೊಂಡು ಪಕ್ಕಕ್ಕೆ ಸರಿದು ಕೂತು, ‘ಹಾಗಾದರೆ ಹೇಗಿದ್ದರೆ ಬರುತ್ತೆ ಅಜ್ಜಿ?’ ಎಂದು ಕೇಳಿ.